ಬಾಣದ ಗುರುತು

ನಮ್ಮ ಮನೆಯಲ್ಲಿ ಒಂದು ಲಾರಿ ಇತ್ತು. 'ಮನೆಯಲ್ಲಿ' ಎಂದು ಬರೆದದ್ದು ಕೈತಪ್ಪಿನಿಂದಲ್ಲ. ಹಾಸನದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅದು ನಿಲ್ಲುತ್ತಿತ್ತು. ಅಮ್ಮ ಬೆಳಿಗ್ಗೆ ಹೊಸಿಲು ಸಾರಿಸಿದ ಮೇಲೆ ಅದರ ಮುಂದೆಯೂ ನೀರು ಚಿಮುಕಿಸಿ ಎರಡೆಳೆ ರಂಗೋಲಿ ಎಳೆಯುತ್ತಿದ್ದಳು. ಆಯುಧಪೂಜೆಯ ದಿನ ನಮಗೆ ಹೊಸ ಬಟ್ಟೆ ಇಲ್ಲದಿದ್ದರೂ ಲಾರಿಗೆ ಬಾಳೆಕಂದು, ಸೇವಂತಿಗೆ ಹಾರ ತಪ್ಪುತ್ತಿರಲಿಲ್ಲ. ಹಾಸನದಿಂದ ಆಲೂಗಡ್ಡೆ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು, ಬರುವಾಗ ಹೆಂಚು ತುಂಬಿಕೊಂಡು ಘಾಟಿ ಹತ್ತುವುದು, ಇದು ಅದರ ಬದುಕು. ನಮ್ಮದೂ ಅದೇ. ಆ ವಾರ ಲಾರಿ ಓಡಿದರೆ ಶೆಟ್ಟರ ಅಂಗಡಿಯ ಚೀಟಿ ತೀರುತ್ತಿತ್ತು, ಇಲ್ಲವಾದರೆ ಇಲ್ಲ.

1984ರ ಬೇಸಿಗೆಯಲ್ಲಿ ಆ ಲಾರಿ ಅದುರತೊಡಗಿತು.

ಅದುರದ ಲಾರಿ ಎಲ್ಲಿದೆ ಎಂದು ನೀವು ಕೇಳಬಹುದು. ಅಪ್ಪನೂ ಮೊದಲು ಹಾಗೆಯೇ ಅಂದರು. ಆದರೆ ನಮ್ಮ ಡ್ರೈವರಣ್ಣ ಹೇಳಿದ್ದು ಬೇರೆ: "ಯಜಮಾನ್ರೇ, ಗಾಡಿ ನಲವತ್ತೈದು ದಾಟ್ತಿದ್ದಂಗೆ ಕಾಲಡೀಲಿ ಜುಮ್ ಅಂತದೆ. ಗೇರ್ ರಾಡು ಕೈಯಲ್ಲಿ ನಿಲ್ಲಾಕಿಲ್ಲ. ಕನ್ನಡೀಲಿ ಹಿಂದಿನ ಬಸ್ಸು ಎರಡೆರಡು ಕಾಣ್ತದೆ. ಇದು ಮೊದ್ಲು ಇರ್ಲಿಲ್ಲ." ಅಪ್ಪ ಟೈರು ಅದಲುಬದಲು ಮಾಡಿಸಿದರು. ಹೋಗಲಿಲ್ಲ. ಎಂಜಿನ್ ಕೂರುವ ರಬ್ಬರುಗಳನ್ನು ಹೊಸದು ಹಾಕಿಸಿದರು. ಹೋಗಲಿಲ್ಲ. ಒಬ್ಬರು ಕ್ಲಚ್ ಪ್ಲೇಟು ಎಂದರು, ಅದನ್ನೂ ಬಿಚ್ಚಿ ಹಾಕಿದ್ದಾಯಿತು. ಪ್ರತಿ ಸಲವೂ ಅಮ್ಮನ ಕೈಯ ಬಂಗಾರದ ಬಳೆಗಳು ಒಂದೊಂದಾಗಿ ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆ ಸೇರುತ್ತಿದ್ದವು. ನಾಲ್ಕು ಬಳೆ ಹೋದವು. ಅಮ್ಮ ಹಸಿರು ಗಾಜಿನ ಬಳೆ ತೊಟ್ಟುಕೊಂಡು, "ಶಬ್ದ ಇದರಲ್ಲೇ ಚೆನ್ನಾಗಿದೆ" ಎಂದಳು.

ಕೊನೆಗೆ ದೂರು ಡ್ರೈವರಣ್ಣನ ತಲೆಗೇ ಬಂತು. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ, ಹೊಂಡ ನೋಡುವುದಿಲ್ಲ, ರಾತ್ರಿ ಕುಡಿಯುತ್ತಾನೆ ಎಂದೆಲ್ಲ ಹೇಳುವವರು ಹೇಳಿದರು. ಅವನು ಕುಡಿಯುತ್ತಿರಲಿಲ್ಲ, ಅದು ಅಪ್ಪನಿಗೂ ಗೊತ್ತಿತ್ತು. ಆದರೂ ಒಂದು ದಿನ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಟ್ಟರು. ಅವನು ಹೋಗುವಾಗ ಲಾರಿಯ ಡ್ಯಾಶ್‌ಬೋರ್ಡಿನ ಮೇಲಿದ್ದ ತನ್ನ ಮಗಳ ಫೋಟೋ ಮಾತ್ರ ತೆಗೆದುಕೊಂಡ.

ಹೊಸ ಡ್ರೈವರು ಬಂದು ಮೂರು ವಾರಕ್ಕೆ ಶಿರಾಡಿ ಘಾಟಿಯ ಏರಿನಲ್ಲಿ, ಹೆಂಚು ತುಂಬಿದ್ದಾಗ, ಲಾರಿಯ ಹೊಟ್ಟೆಯ ಕೆಳಗೆ ದಢಾರನೆ ಸದ್ದಾಗಿ ಓಟವೇ ನಿಂತುಹೋಯಿತು. ಎಂಜಿನ್ ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಬ್ರೇಕು ಹಿಡಿಯಿತು, ಕ್ಲೀನರ್ ಹುಡುಗ ಹಾರಿ ಇಳಿದು ಹಿಂದಿನ ಗಾಲಿಗೆ ಮರದ ಅಡೆ ಕೊಟ್ಟ. ಅವನಿಗೆ ಆಗ ಹದಿನೈದು ವರ್ಷವೂ ಆಗಿರಲಿಕ್ಕಿಲ್ಲ. ಎಡಗಡೆ ಕಣಿವೆ. ಅದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಆಗಿದ್ದೇನೆಂದರೆ, ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟು, ಅದನ್ನು ನಡುವೆ ಹಿಡಿದಿದ್ದ ಬ್ರಾಕೆಟ್ಟು ಮುರಿದು, ಶಾಫ್ಟು ನೇತಾಡುವ ಹೊತ್ತಿಗೆ ಅದರ ಕೀಲೂ ಹೋಗಿತ್ತು. ಎಲ್ಲ ಹೊಸದು ಹಾಕಿಸಿ ಲಾರಿ ಮನೆಗೆ ತಂದರು. ಹಾಸನದ ಹೊರಗೆ ರಸ್ತೆ ಸಮವಾದದ್ದೇ, ನಲವತ್ತೈದು ದಾಟಿದ್ದೇ, ಮತ್ತೆ ಜುಮ್!

ಆಗ ಅಪ್ಪ ಹಳೆಯ ಮೇಸ್ತ್ರಿ ಸಾಬರ ಮನೆಗೆ ಹೋದರು. ಕಣ್ಣು ಮಂಜಾಗಿ ಕೆಲಸ ಬಿಟ್ಟು ಕೂತಿದ್ದವರು. ಅವರು ಬಂದು ಮಾಡಿದ್ದನ್ನು ಹೇಳುವ ಮೊದಲು ಸ್ವಲ್ಪ ದೂರ, ಸ್ವಲ್ಪ ಹಿಂದೆ ಹೋಗಿ ಬರಬೇಕು. ಏಕೆಂದರೆ ಅಂದು ಅವರು ಲಾರಿಯ ಕೆಳಗೆ ಮಲಗಿ ಕಂಡುಹಿಡಿದ ದೋಷದ ಬೇರು 300 ವರ್ಷಗಳ ಹಿಂದಿನ ಒಂದು ಪುಸ್ತಕದಲ್ಲಿತ್ತು. ಅದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎಂಜಿನಿಯರಿಂಗ್ ಓದುತ್ತಿದ್ದ ತಮ್ಮ ಕೆಲವು ವರ್ಷಗಳ ಮೇಲೆ ರಜಕ್ಕೆ ತಂದ ಯಂತ್ರಶಾಸ್ತ್ರದ ಪುಸ್ತಕವನ್ನು ನಾನು ಸುಮ್ಮನೆ ತಿರುವುತ್ತಿದ್ದಾಗ, ನಮ್ಮ ಲಾರಿ ಅದರೊಳಗೆ ಸಿಕ್ಕಿತು.

ಲಾರಿಯ ಗೇರ್ ಬಾಕ್ಸು ಮೇಲೆ, ಚಾಸಿಗೆ ಬಿಗಿದುಕೊಂಡಿದೆ. ಹಿಂದಿನ ಹೌಸಿಂಗು ಕೆಳಗೆ, ಸ್ಪ್ರಿಂಗ್ ಪ್ಲೇಟುಗಳ ಮೇಲೆ ತೂಗುತ್ತಾ ರಸ್ತೆಯ ಹೊಂಡಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುತ್ತದೆ. ಇವೆರಡನ್ನೂ ನೆಟ್ಟಗಿನ ಸಲಾಕೆಯಿಂದ ಜೋಡಿಸಿದರೆ ಮೊದಲ ಹೊಂಡದಲ್ಲೇ ಮುರಿಯುತ್ತದೆ. ಆದ್ದರಿಂದ ಶಾಫ್ಟಿಗೆ ಕೀಲು ಬೇಕು. ನಮ್ಮ ಮೊಣಕೈ ಮಡಚುವ ಹಾಗೆ ಮಡಚಬೇಕು, ಮಡಚಿಕೊಂಡೇ ಗಿರಗಿರನೆ ತಿರುಗಲೂಬೇಕು. ಎರಡು ಕವಲುಗಳು ಒಂದಕ್ಕೊಂದು ಎದುರಾಗಿ, ನಡುವೆ ಕೂಡಿಸುವ ಗುರುತಿನ ಆಕಾರದ ಒಂದು ಉಕ್ಕಿನ ತುಂಡು. ಗ್ಯಾರೇಜಿನವರು ಅದನ್ನು 'ಕ್ರಾಸು' ಎನ್ನುತ್ತಾರೆ. ಪುಸ್ತಕದಲ್ಲಿ ಯೂನಿವರ್ಸಲ್ ಜಾಯಿಂಟು. ಯುರೋಪಿನ ಬಹುಪಾಲು ಕಡೆ ಅದು 'ಕಾರ್ಡನ್', ಇಂಗ್ಲಿಷರ ಪುಸ್ತಕಗಳಲ್ಲಿ 'ಹುಕ್‌ನ ಕೀಲು'. ಇಷ್ಟು ಹೆಸರುಗಳಿರುವ ವಸ್ತುವಿಗೆ ತಂದೆ ಯಾರೆಂದು ಗೊತ್ತಿರುವುದಿಲ್ಲ ಎಂಬುದು ನನ್ನ ಅನುಭವ.

ಈ ಕೀಲಿನ ಅಜ್ಜಿಯ ಸುದ್ದಿ ಮಾತ್ರ ಹೆಂಗಸರಾದ ನಾವು ಕೇಳಲೇಬೇಕಾದದ್ದು. ಚೀನಾದ ಚಾಂಗಾನ್ ನಗರದಲ್ಲಿ ಸುಮಾರು 1800 ವರ್ಷಗಳ ಹಿಂದೆ ಡಿಂಗ್ ಹುವಾನ್ ಎಂಬ ಕುಶಲಕರ್ಮಿ ಹಾಸಿಗೆಯೊಳಗೆ ಇಡುವ ಧೂಪದಾನಿ ಮಾಡಿದ ಎಂದು ಅಲ್ಲಿಯ ಹಳೆಯ ಗ್ರಂಥವೊಂದು ಹೇಳುತ್ತದೆ. ಒಂದರೊಳಗೊಂದು ಬಳೆ, ಒಂದು ಬಳೆ ಉದ್ದಕ್ಕೆ ತಿರುಗಿದರೆ ಇನ್ನೊಂದು ಅಡ್ಡಕ್ಕೆ, ಎಲ್ಲದರ ನಡುವೆ ಕೆಂಡದ ಪುಟ್ಟ ಬಟ್ಟಲು. ದಾನಿ ಹೇಗೆ ಉರುಳಿದರೂ ಬಟ್ಟಲು ನೆಟ್ಟಗೇ ನಿಲ್ಲುತ್ತದೆ, ಕಿಡಿ ಚೆಲ್ಲುವುದಿಲ್ಲ. ಶಿಯಾನ್ ನಗರದ ಹೆಜಿಯಾಚುನ್ ಎಂಬಲ್ಲಿ 1970ರಲ್ಲಿ ನೆಲದಡಿ ಸಿಕ್ಕಿದ ಟಾಂಗ್ ಕಾಲದ ನಿಧಿಯಲ್ಲಿ ಇಂಥದ್ದೊಂದು ಬೆಳ್ಳಿಯ ಚೆಂಡು ಇತ್ತು. ನಿಂಬೆಹಣ್ಣಿಗಿಂತ ದೊಡ್ಡದಲ್ಲ, ಮೈಯೆಲ್ಲ ಜಾಲಂದ್ರದ ಕೆತ್ತನೆ. ಒಳಗಿನ ಬಟ್ಟಲು ಇಂದಿಗೂ ನೆಟ್ಟಗೇ ನಿಲ್ಲುತ್ತದಂತೆ.

ಟಾಂಗ್ ಚಕ್ರವರ್ತಿಯ ಪ್ರೇಯಸಿ ಯಾಂಗ್ ಗುಯಿಫೆಯನ್ನು 756ರಲ್ಲಿ ಸೈನಿಕರ ಒತ್ತಾಯಕ್ಕೆ ಕೊಲ್ಲಿಸಲಾಯಿತು. ಆಮೇಲೆ ಸಮಾಧಿ ತೆಗೆದಾಗ ದೇಹ ಕರಗಿತ್ತು, ಪರಿಮಳದ ಚೀಲ ಮಾತ್ರ ಹಾಗೇ ಇತ್ತು ಎಂದು ಅಲ್ಲಿಯ ಇತಿಹಾಸದಲ್ಲಿ ಬರೆದಿದೆ. ಬಟ್ಟೆಯ ಚೀಲ ಮಣ್ಣಲ್ಲಿ ಉಳಿಯುವುದು ಹೇಗೆ? 1987ರಲ್ಲಿ ಫಾಮೆನ್ ದೇವಾಲಯದ ನೆಲಮಾಳಿಗೆ ತೆರೆದಾಗ ಅಲ್ಲಿಯ ವಸ್ತುಗಳ ಪಟ್ಟಿಯ ಕಲ್ಲೂ ಸಿಕ್ಕಿತು. ಅದರಲ್ಲಿ ಇಂಥ ಬೆಳ್ಳಿ ಚೆಂಡನ್ನೇ 'ಪರಿಮಳದ ಚೀಲ' ಎಂದು ಕರೆದಿತ್ತು. ಸಾವಿರ ವರ್ಷದ ಮೇಲೆ ಆ ವಾಕ್ಯಕ್ಕೆ ಅರ್ಥ ಬಂತು. ಲಾರಿಯ ಕ್ರಾಸಿಗೂ ಆ ಹೆಂಗಸಿನ ಸೆರಗಿನೊಳಗಿದ್ದ ಧೂಪಕ್ಕೂ ಮೂಲ ಉಪಾಯ ಒಂದೇ: ಒಂದಕ್ಕೊಂದು ಅಡ್ಡವಾಗಿ ಕೂಡಿಸಿದ ಎರಡು ಅಚ್ಚು. ಅಲ್ಲಿ ಅದು ಬಟ್ಟಲನ್ನು ಅಲುಗದಂತೆ ಕಾಯುತ್ತದೆ, ಇಲ್ಲಿ ತಿರುಗುವ ಬಲವನ್ನು ಓರೆಯಾಗಿ ದಾಟಿಸುತ್ತದೆ.

ಕಾರ್ಡನ್ ಎಂಬ ಹೆಸರು ಇಟಲಿಯ ಜೆರೊಲಾಮೊ ಕಾರ್ಡಾನೊನಿಂದ ಬಂದದ್ದು. 1501ರಲ್ಲಿ ಹುಟ್ಟಿದ ವೈದ್ಯ, ಗಣಿತಜ್ಞ, ಜ್ಯೋತಿಷಿ, ಮೇಲೆ ಜೂಜುಕೋರ. ಹೆಂಡತಿಗೆ ವಿಷವಿಕ್ಕಿದನೆಂದು ಇವನ ಮಗನನ್ನು 1560ರಲ್ಲಿ ಗಲ್ಲಿಗೇರಿಸಿದರು. 1550ರ ತನ್ನ ಪುಸ್ತಕದಲ್ಲಿ ಈತ ಈ ಬಗೆಯ ತೂಗುಬಳೆಗಳನ್ನು ವಿವರಿಸಿದ ಅಷ್ಟೇ, ತಾನು ಕಂಡುಹಿಡಿದೆ ಎನ್ನಲಿಲ್ಲ. ಹೆಸರು ತಾನಾಗಿ ಅಂಟಿಕೊಂಡಿತು. ಟಾರ್ಟಾಲಿಯಾ ಎಂಬವನು ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿ ಹೇಳಿಕೊಟ್ಟಿದ್ದ ಒಂದು ಗಣಿತದ ಗುಟ್ಟನ್ನು ಇದೇ ಕಾರ್ಡಾನೊ 1545ರಲ್ಲಿ ಅಚ್ಚು ಹಾಕಿಸಿದ. ಗುಟ್ಟು ಯಾರದೆಂದು ಪುಸ್ತಕದಲ್ಲಿ ಹೇಳಿದ್ದರೂ ಆ ಸೂತ್ರಕ್ಕೆ ಇಂದಿಗೂ ಕಾರ್ಡಾನೊನದೇ ಹೆಸರು. ಕೆಲವರ ಜಾತಕವೇ ಹಾಗೆ.

ತದ್ವಿರುದ್ಧ ಜಾತಕದವನು ರಾಬರ್ಟ್ ಹುಕ್. 1635ರಲ್ಲಿ ಇಂಗ್ಲೆಂಡಿನ ಒಂದು ದ್ವೀಪದಲ್ಲಿ ಹುಟ್ಟಿ, 1662ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಯೋಗಗಳ ಮೇಲ್ವಿಚಾರಕನಾದ. ಪ್ರತಿ ಸಭೆಗೂ ಹೊಸ ಹೊಸ ಪ್ರಯೋಗ ಮಾಡಿ ತೋರಿಸುವುದು ಅವನ ಕೆಲಸ. ಸೂಕ್ಷ್ಮದರ್ಶಕದಲ್ಲಿ ಚಿಗಟ, ಹೇನು, ಬೆಂಡಿನ ಕಣಗಳನ್ನು ನೋಡಿ 1665ರಲ್ಲಿ ಚಿತ್ರಪುಸ್ತಕ ಮಾಡಿದವನು ಅವನೇ. ಬೆಂಕಿಯಲ್ಲಿ ಬೆಂದ ಲಂಡನ್ನನ್ನು ಮತ್ತೆ ಕಟ್ಟುವಾಗ ಬೀದಿ ಅಳೆದವರಲ್ಲೂ ಅವನಿದ್ದ. ಸ್ಪ್ರಿಂಗಿಗೆ ಎಷ್ಟು ಭಾರವೋ ಅಷ್ಟೇ ಹಿಗ್ಗು ಎಂಬ ನಿಯಮವನ್ನು 1678ರಲ್ಲಿ ಬಿಡಿಸಿ ಹೇಳಿದ. ನ್ಯೂಟನ್ನನ ಜೊತೆ ಜಗಳ ಮಾಡಿಕೊಂಡ. ಹುಕ್ ಸತ್ತ 1703ರಲ್ಲೇ ನ್ಯೂಟನ್ ಆ ಸೊಸೈಟಿಯ ಅಧ್ಯಕ್ಷನಾದ. ಹುಕ್ಕನದೇ ಎಂದು ಖಾತ್ರಿಯಾಗಿ ಹೇಳಬಹುದಾದ ಒಂದು ಭಾವಚಿತ್ರವೂ ಇಂದು ಉಳಿದಿಲ್ಲ.

ಆ ಮುಖವಿಲ್ಲದ ಮನುಷ್ಯ 1676ರಲ್ಲಿ ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. 'ಯೂನಿವರ್ಸಲ್ ಜಾಯಿಂಟ್' ಎಂಬ ಹೆಸರು ಈ ಕೀಲಿಗೆ ಮೊದಲು ಕಾಣುವುದು ಅಲ್ಲೇ. ಅದಕ್ಕೆ ಹನ್ನೆರಡು ವರ್ಷ ಮೊದಲು, 1664ರಲ್ಲಿ, ಗ್ಯಾಸ್ಪರ್ ಶಾಟ್ ಎಂಬ ಜರ್ಮನ್ ಜೆಸ್ಯೂಟ್ ಪಾದ್ರಿ ಕೂಡ ಇಂಥ ಕೀಲನ್ನು ವರ್ಣಿಸಿದ್ದ. ಒಂದು ತುದಿ ಎಷ್ಟು ಸಮನಾಗಿ ತಿರುಗುತ್ತದೋ ಇನ್ನೊಂದು ತುದಿಯೂ ಅಷ್ಟೇ ಸಮನಾಗಿ ತಿರುಗುತ್ತದೆ ಎಂದು ಅವನು ನಂಬಿದ್ದ. ನೋಡಿದರೆ ಹಾಗೆಯೇ ಕಾಣುತ್ತದೆ. ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು, ಲೆಕ್ಕ ಸರಿ. ಆದರೆ ಸುತ್ತಿನ ಒಳಗೆ ಮೋಸವಿದೆ ಎಂದು ಹಿಡಿದವನು ಹುಕ್.

ಆ ಮೋಸ ಏನೆಂದು ನನಗೆ ಅರ್ಥವಾದದ್ದು ಅಮ್ಮನ ಗಾಜಿನ ಬಳೆಯಿಂದ. ನೀವೂ ಮಾಡಿ ನೋಡಿ. ಒಂದು ಬಳೆಗೆ ಗಡಿಯಾರದ ಹಾಗೆ ಸಮದೂರದಲ್ಲಿ ಹನ್ನೆರಡು ಚುಕ್ಕೆ ಇಡಿ. ಕಣ್ಣಿಗೆ ನೇರ ಹಿಡಿದರೆ ಚುಕ್ಕೆಗಳು ಸಮ. ಈಗ ಬಳೆಯನ್ನು ಸ್ವಲ್ಪ ಓರೆ ಮಾಡಿ. ಅದು ಮೊಟ್ಟೆಯಾಕಾರವಾಗಿ ಕಾಣುತ್ತದೆ. ಉದ್ದದ ಎರಡು ತುದಿಗಳಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಬರುತ್ತವೆ, ಅಗಲದ ಎರಡು ಪಕ್ಕಗಳಲ್ಲಿ ದೂರ ದೂರ ಹೋಗುತ್ತವೆ. ಬಳೆ ಬದಲಾಗಿಲ್ಲ, ಓರೆ ಮಾತ್ರ ಬಂದಿದೆ. ಶಾಫ್ಟು ಓರೆಯಾಗಿ ತಿರುಗುವಾಗ ಆಗುವುದೂ ಇಷ್ಟೇ. ಒಂದು ಕಡೆಯವರು ಒಂದೇ ವೇಗದಲ್ಲಿ ತಿರುಗಿಸುತ್ತಿದ್ದರೂ, ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೆ ಧಾವಿಸುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಬಿಸಿಲುಗಡಿಯಾರದ ಗಂಟೆಯ ಗೆರೆಗಳೂ ಹೀಗೇ, ಮಧ್ಯಾಹ್ನದ ಹತ್ತಿರ ಒತ್ತಾಗಿ, ಬೆಳಿಗ್ಗೆ ಸಂಜೆಗಳಲ್ಲಿ ಅಗಲವಾಗಿ. ಎರಡಕ್ಕೂ ಗಣಿತ ಒಂದೇ. ಹುಕ್ ಅದನ್ನು ಕಂಡುಕೊಂಡು, ಈ ಕೀಲಿನ ತಪ್ಪನ್ನೇ ಬಿಸಿಲುಗಡಿಯಾರದ ನೆರಳು ಗುರುತಿಸಲು ದುಡಿಸಿಕೊಂಡ. ದೋಷಕ್ಕೂ ಒಂದು ಕೆಲಸ ಕೊಡುವ ಜಾಣತನ, ನಮ್ಮಲ್ಲಿ ಹುಳಿ ಬಂದ ಮೊಸರನ್ನು ಮಜ್ಜಿಗೆಹುಳಿಗೆ ಹಾಕುವ ಹಾಗೆ.

ಓರೆ ಕಡಿಮೆಯಿದ್ದರೆ ಏರಿಳಿತವೂ ಕಡಿಮೆ. ಮೂರು ಡಿಗ್ರಿ ಓರೆಗೆ ನೂರಕ್ಕೆ 0.14ರಷ್ಟು, ಹತ್ತು ಡಿಗ್ರಿಗೆ ಒಂದೂವರೆಯಷ್ಟು, ಮೂವತ್ತಕ್ಕೆ ಹೋದರೆ ಹದಿಮೂರು ಹದಿನೈದರಷ್ಟು. ಒಂದೂವರೆ ಏನು ಮಹಾ ಎನ್ನಬೇಡಿ. ಲಾರಿ ಗಂಟೆಗೆ 60 ಕಿಲೋಮೀಟರು ಓಡುವಾಗ ಅದರ ದೊಡ್ಡ ಗಾಲಿ ನಿಮಿಷಕ್ಕೆ ಸುಮಾರು 310 ಸುತ್ತು ಹಾಕುತ್ತದೆ. ಗಾಲಿಯ ಒಂದು ಸುತ್ತಿಗೆ ಶಾಫ್ಟು ಆರು ಸುತ್ತು ಎಂದಿಟ್ಟುಕೊಂಡರೆ ಅದರದು ಸುಮಾರು 1,900. ಅಂದರೆ ಸೆಕೆಂಡಿಗೆ ಮೂವತ್ತೊಂದು, ಪ್ರತಿ ಸುತ್ತಿಗೆ ಎರಡು ಏಟು. ಒಂದು ಸೆಕೆಂಡಿನಲ್ಲಿ ಅರವತ್ತಕ್ಕೂ ಹೆಚ್ಚು ಸಲ ಯಾರೋ ನಿಮ್ಮ ಮನೆಯ ಗೋಡೆಗೆ ಸಣ್ಣ ಸುತ್ತಿಗೆಯಿಂದ ಬಡಿದರೆ ಎಷ್ಟು ದಿನ ನಿಂತೀತು?

ಈ ಏಟನ್ನು ಕೀಲಿನಿಂದ ತೆಗೆದುಹಾಕಲು ಸಾಧ್ಯವಿಲ್ಲ, ಅದು ಅದರ ಹುಟ್ಟುಗುಣ. ಹೊಡೆತಕ್ಕೆ ಎದುರು ಹೊಡೆತ ಕೊಟ್ಟು ಅಳಿಸಬಹುದು ಅಷ್ಟೇ. ಶಾಫ್ಟಿನ ಈ ತುದಿಗೆ ಒಂದು ಕೀಲು, ಆ ತುದಿಗೆ ಇನ್ನೊಂದು. ಎರಡರ ಓರೆಯೂ ಸಮವಾಗಿರಬೇಕು, ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಆಗ ಮೊದಲನೆಯದು ಧಾವಿಸಿದಷ್ಟನ್ನು ಎರಡನೆಯದು ಹಿಂದಕ್ಕೆ ಎಳೆದುಕೊಂಡು, ಗಾಲಿಗೆ ತಲುಪುವಾಗ ಓಟ ಸಮನಾಗಿರುತ್ತದೆ. ಈ ಜೋಡಿಕೀಲಿನ ಉಪಾಯವನ್ನೂ ಹುಕ್ಕನೇ ಹೇಳಿ ಹೋದ, ರೈಲೂ ಮೋಟಾರೂ ಹುಟ್ಟುವುದಕ್ಕೆ ಎಷ್ಟೋ ಕಾಲ ಮುಂಚೆ. ಕವಲುಗಳ ಸಾಲು ತಪ್ಪಿದರೆ? ಒಂದರ ಏಟನ್ನು ಇನ್ನೊಂದು ಅಳಿಸುವುದರ ಬದಲು ಕೂಡಿಸುತ್ತದೆ.

ಇನ್ನೂರು ವರ್ಷ ಕೀಲು ಅಲ್ಲಿ ಇಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿತ್ತು. ಮೋಟಾರು ಬಂದ ಮೊದಲಲ್ಲಿ ಹೆಚ್ಚಿನವು ಸೈಕಲಿನ ಹಾಗೆ ಚೈನಿನ ಮೇಲೆ ಓಡಿದವು. ಧೂಳು ತಿಂದು ಸವೆಯುವ, ಕಡಿದು ಬೀಳುವ ಚೈನು. 1898ರ ಡಿಸೆಂಬರ್ 24ರ ರಾತ್ರಿ ಲೂಯಿ ರೆನೊ ಎಂಬ ಇಪ್ಪತ್ತೊಂದರ ಹುಡುಗ ತಾನು ಮಾಡಿದ ಶಾಫ್ಟಿನ ಪುಟ್ಟ ಕಾರನ್ನು ಪ್ಯಾರಿಸ್ಸಿನ ಮೊಂಮಾರ್ತ್ ಗುಡ್ಡದ ಕಡಿದಾದ ಬೀದಿ ಹತ್ತಿಸಿ ತೋರಿಸಿದ. ಅಮೆರಿಕದಲ್ಲಿ ಕ್ಲಾರೆನ್ಸ್ ಸ್ಪೈಸರ್ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗಲೇ ಇದರ ಹಿಂದೆ ಬಿದ್ದ. ಅವನಿಗೆ 1903ರಲ್ಲಿ ಸಿಕ್ಕಿದ ಪೇಟೆಂಟು ಕೀಲಿಗಲ್ಲ, ಕೀಲಿನ ಮುಸುಕಿಗೆ. ಒಳಗೆ ಎಣ್ಣೆ ನಿಲ್ಲಬೇಕು, ಹೊರಗಿನ ಧೂಳು ಬರಬಾರದು. ಅಡಿಗೆಮನೆಯವರಿಗೆ ಇದು ಹೇಳಬೇಕೆ? ಉಪ್ಪಿನಕಾಯಿಗಿಂತ ಜಾಡಿಯ ಮುಚ್ಚಳವೇ ಮುಖ್ಯ. 1904ರಲ್ಲಿ ನ್ಯೂಜೆರ್ಸಿಯಲ್ಲಿ ಅವನು ಶುರು ಮಾಡಿದ ಕಾರ್ಖಾನೆ ಬೆಳೆದು, ಮುಂದೆ ಡೇನಾ ಎಂಬ ಹೆಸರಿನ ದೊಡ್ಡ ಕಂಪನಿಯಾಯಿತು. ನಮ್ಮ ದೇಶದಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಕೈಜೋಡಿಸಿ ಜಮ್ಶೆಡ್‌ಪುರದಲ್ಲಿ ಟೆಲ್ಕೋದವರು ಲಾರಿ ಕಟ್ಟತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ರಲ್ಲಿ ಮುಗಿಯಿತು. ಲಾರಿ ಊರೂರಿಗೆ ಬಂತು, ಅದರ ಇಂಗ್ಲಿಷು ಕೈಪಿಡಿ ಬರಲಿಲ್ಲ. ಬಂದಿದ್ದರೂ ಓದುವವರು ಲಾರಿಯ ಕೆಳಗೆ ಮಲಗುತ್ತಿರಲಿಲ್ಲ. ಲಾರಿಯ ಕೆಳಗೆ ಮಲಗಿದವರು ಕೈಯಿಂದ ಕೈಗೆ ಕಲಿತರು.

ಈಗ ನಮ್ಮ ಮೇಸ್ತ್ರಿ ಸಾಬರ ಹತ್ತಿರ ಬರೋಣ.

ಅವರು ಸ್ಪ್ಯಾನರು ಮುಟ್ಟಲೇ ಇಲ್ಲ. ಮೊದಲು ಲಾರಿ ಓಡಿಸಿ ಎಂದರು. ಅರಸೀಕೆರೆ ರಸ್ತೆಯಲ್ಲಿ ಖಾಲಿ ಲಾರಿ. ಹೊಸ ಡ್ರೈವರು, ಅಪ್ಪ, ಮೇಸ್ತ್ರಿ. ಹಟ ಮಾಡಿ ನಾನೂ ಹತ್ತಿದೆ. ಪಿಯುಸಿ ಓದುವ ಹುಡುಗಿ ಲಾರಿ ಹತ್ತುವುದೇ ಎಂದು ಅಜ್ಜಿ ಹಿಂದಿನಿಂದ ಕೂಗಿದ್ದು ಕೇಳಿಸಿತು. ಸಾಬರು ಚಪ್ಪಲಿ ಕಳಚಿ ಬರಿಗಾಲನ್ನು ಕಬ್ಬಿಣದ ತಳದ ಮೇಲೆ ಊರಿ ಕಣ್ಣು ಮುಚ್ಚಿದರು. ನಲವತ್ತೈದು ದಾಟಿತು. ಜುಮ್ ಶುರುವಾಯಿತು.

"ಗೇರು ಕೆಳಗಿಳಿಸು, ಓಟ ಅಷ್ಟೇ ಇರಲಿ" ಎಂದರು. ಎಂಜಿನ್ ಕಿರುಚಿತು, ಜುಮ್ ಬದಲಾಗಲಿಲ್ಲ. "ನ್ಯೂಟ್ರಲ್ ಮಾಡು." ಎಂಜಿನ್ ಸುಮ್ಮನಾಯಿತು, ಲಾರಿ ತನ್ನಷ್ಟಕ್ಕೆ ಉರುಳಿತು, ಜುಮ್ ಮಾತ್ರ ನಿಲ್ಲಲಿಲ್ಲ. ಸಾಬರು ಕಣ್ಣು ತೆರೆದು, "ಎಂಜಿನ್ನೂ ಅಲ್ಲ, ಕ್ಲಚ್ಚೂ ಅಲ್ಲ ಯಜಮಾನ್ರೇ, ಆ ದುಡ್ಡು ಮಣ್ಣಾಯ್ತು" ಎಂದರು. ಅಪ್ಪ ಕಿಟಕಿಯಾಚೆ ನೋಡಿದರು.

"ಗಾಲಿ ಇರಬಹುದಾ?"

"ಗಾಲಿದು ನಿಧಾನ, ತೊಟ್ಟಿಲು ತೂಗಿದಂಗೆ ಇರ್ತದೆ. ಇದು ಜೇನು ಎದ್ದಂಗೆ ಅದೆ. ಇದು ಜಾಯಿಂಟಿಂದು."

ತೊಟ್ಟಿಲು ಮತ್ತು ಜೇನು. ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ: ಆ ವೇಗದಲ್ಲಿ ಗಾಲಿಯ ತೊಂದರೆ ಸೆಕೆಂಡಿಗೆ ನಾಲ್ಕು ಸಲ ಅಲುಗಿಸಿದರೆ ಕೀಲಿನದು ನಲವತ್ತೈದಕ್ಕೂ ಮೇಲೆ. ಇಂದು ಅದನ್ನು ಯಂತ್ರದಲ್ಲಿ ಅಳೆಯುತ್ತಾರೆ. ಶಾಫ್ಟಿನ ಒಂದು ಸುತ್ತಿಗೆ ಒಂದೇ ಏಟಾದರೆ ಶಾಫ್ಟು ಬಾಗಿದೆ ಅಥವಾ ತೂಕ ತಪ್ಪಿದೆ, ಎರಡಾದರೆ ಕೀಲಿನ ಓರೆ ಅಥವಾ ಸಾಲು ತಪ್ಪಿದೆ ಎಂದು ಹೇಳುತ್ತಾರೆ. ಕೀಲಿನ ಓರೆ ಅಳೆಯಲು ಮೊಬೈಲ್ ಫೋನೇ ಸಾಕು. ಸಾಬರಿಗೆ ಅಂಗಾಲು ಇತ್ತು.

ಮನೆಗೆ ಬಂದು ಹಿಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿಸಿದರು. ಕೆಳಗೆ ಗೋಣಿಚೀಲ ಹಾಸಿ ಮಲಗಿದರು. ಶಾಫ್ಟಿಗೆ ಸೀಮೆಸುಣ್ಣ ತಾಗಿಯೂ ತಾಗದಂತೆ ಹಿಡಿದು ಕೈಯಲ್ಲಿ ತಿರುಗಿಸಲು ಹೇಳಿದರು. ಬಾಗಿದ್ದರೆ ಒಂದೇ ಮಗ್ಗುಲಿಗೆ ಗೀರು ಬೀಳುತ್ತದೆ. ಇಲ್ಲಿ ಸುತ್ತಲೂ ಸಮನಾಗಿ ಬಿತ್ತು. ಕ್ರಾಸುಗಳನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರು. ಬಟ್ಟಲುಗಳ ಬಾಯಲ್ಲಿ ಕುಂಕುಮದಂಥ ಕೆಂಪು ಪುಡಿ ಇದ್ದರೆ ಗ್ರೀಸು ಒಣಗಿ ಒಳಗಿನ ಸೂಜಿಗಳು ತುಕ್ಕು ತಿನ್ನುತ್ತಿವೆ ಎಂದರ್ಥವಂತೆ. ಅದೂ ಇರಲಿಲ್ಲ, ಎಲ್ಲ ಹೊಸದು.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಈ ಅದುರು ಬರೋಕೆ ಮುಂಚೆ ಶಾಫ್ಟು ಯಾರು ಇಳಿಸಿದ್ರು?"

ಅಪ್ಪ ಯೋಚಿಸಿದರು. ಫೆಬ್ರುವರಿಯಲ್ಲಿ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಶಾಫ್ಟು ಇಳಿಸಿ ಕ್ರಾಸು ಬದಲಾಯಿಸಿದ್ದರು. ಅದಾದ ವಾರಕ್ಕೇ ಡ್ರೈವರಣ್ಣ ಮೊದಲ ಸಲ ಹೇಳಿದ್ದು. "ಇದು ಮೊದ್ಲು ಇರ್ಲಿಲ್ಲ" ಎಂದು ಅವನು ಹೇಳಿದ್ದನಲ್ಲ, ಆ ಮಾತನ್ನು ಅಲ್ಲಿಯವರೆಗೆ ಯಾರೂ ಹಿಡಿದಿರಲಿಲ್ಲ.

ಶಾಫ್ಟಿನ ಒಂದು ಕಡೆ ಅದು ಉದ್ದ ಗಿಡ್ಡ ಆಗಲೆಂದು ಒಂದರೊಳಗೊಂದು ಜಾರುವ ಜೋಡಣೆ ಇರುತ್ತದೆ, ಒಳಗೆ ಉದ್ದುದ್ದ ಹಲ್ಲುಗಳು. ಬಿಚ್ಚಿ ಮತ್ತೆ ತೂರಿಸುವಾಗ ಯಾವ ಹಲ್ಲಿಗೆ ಬೇಕಾದರೂ ಕೂರುತ್ತದೆ. ಸರಿಯಾಗಿ ಕೂರಲೆಂದು ಎರಡೂ ತುಂಡಿಗೆ ಒಂದೊಂದು ಬಾಣದ ಗುರುತು ಕೊರೆದಿರುತ್ತಾರೆ, ಬಾಣಕ್ಕೆ ಬಾಣ ಎದುರಾಗಬೇಕು. ಸಾಬರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಗ್ರೀಸು ಒರೆಸಿದರು. ಕಣ್ಣು ಮಂಜು, ಆದ್ದರಿಂದ ಉಗುರಿನಿಂದ ತಡವಿದರು. ಒಂದು ಬಾಣ ಸಿಕ್ಕಿತು. ಅದರ ಎದುರಿಗೆ ಏನೂ ಇರಲಿಲ್ಲ. ನನ್ನನ್ನು ಕರೆದರು, "ಬಾಮ್ಮಾ, ಚಿಕ್ಕ ಕಣ್ಣು, ನೀನು ನೋಡು." ಟಾರ್ಚು ಹಿಡಿದು ಗೋಣಿಚೀಲದ ಮೇಲೆ ಪಕ್ಕದಲ್ಲಿ ಮಲಗಿ ನೋಡಿದೆ. ಇನ್ನೊಂದು ಬಾಣ ಆಚೆ ಮಗ್ಗುಲಿಗೆ ತಿರುಗಿಕೊಂಡು ಕೂತಿತ್ತು. ಎಣಿಸಿದೆ, ಮೂರು ಹಲ್ಲು.

ಘಾಟಿಯಲ್ಲಿ ಶಾಫ್ಟು ಬಿದ್ದು ಎಲ್ಲ ಹೊಸದಾಗಿ ಕಟ್ಟಿದವರೂ ಇದ್ದದ್ದನ್ನು ಇದ್ದ ಹಾಗೆಯೇ ಕೂರಿಸಿದ್ದರು. ಆ ಗ್ಯಾರೇಜಿನಲ್ಲಿ ಶಾಫ್ಟು ಮುಟ್ಟಿದ ಹುಡುಗನೂ ನಮ್ಮ ಕ್ಲೀನರ್‌ನಷ್ಟೇ ವಯಸ್ಸಿನವನಿರಬಹುದು, ಗ್ರೀಸಿನಡಿ ಬಾಣವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೇನೋ. ಸಾಬರು ನಟ್ಟು ಬಿಚ್ಚಿಸಿದರು, ಶಾಫ್ಟು ಎಳೆದರು, ಮೂರು ಹಲ್ಲು ತಿರುಗಿಸಿದರು, ಒಳಗೆ ತೂರಿಸಿ ಬಿಗಿದರು. ಚಹಾ ಆರುವುದರೊಳಗೆ ಎಂದರೆ ಸುಳ್ಳಾದೀತು, ಅರ್ಧ ಗಂಟೆ ಹಿಡಿಯಿತು. ಅದೇ ಸಂಜೆ ಅರಸೀಕೆರೆ ರಸ್ತೆಯಲ್ಲಿ ಲಾರಿ ನಲವತ್ತೈದು ದಾಟಿತು, ಐವತ್ತೈದು ದಾಟಿತು. ಕನ್ನಡಿಯಲ್ಲಿ ಹಿಂದಿನ ಬಸ್ಸು ಒಂದೇ ಕಾಣಿಸಿತು. ಅಪ್ಪ ನಗಲಿಲ್ಲ.

ಸಾಬರು ತೆಗೆದುಕೊಂಡದ್ದು ಎಷ್ಟೆಂದು ನನಗೆ ನೆನಪಿದೆ, ಬರೆಯಲು ನಾಚಿಕೆಯಾಗುತ್ತದೆ. ಅಮ್ಮನ ಬಳೆಗಳಲ್ಲಿ ಎರಡನ್ನು ಮುಂದಿನ ವರ್ಷ ಬಿಡಿಸಿಕೊಂಡು ಬಂದೆವು. ಇನ್ನೆರಡು ಬರಲಿಲ್ಲ.

ತಮ್ಮನ ಪುಸ್ತಕದಲ್ಲಿ ಹುಕ್‌ನ ಕೀಲಿನ ಅಧ್ಯಾಯ ಸಿಕ್ಕಿದ ದಿನ ನಾನು ಅದನ್ನು ಅಪ್ಪನಿಗೆ ತೋರಿಸಿದೆ. ಚಿತ್ರವನ್ನು ಬಹಳ ಹೊತ್ತು ನೋಡಿದರು. 1676 ಎಂದು ಹೇಳಿದಾಗ, "ಅಷ್ಟು ಹಿಂದೇನೇ ಗೊತ್ತಿತ್ತಾ?" ಎಂದರು. ಎದ್ದು ಹೊರಗೆ ಹೋದರು. ಲಾರಿಯ ಸ್ಪ್ರಿಂಗ್ ಪ್ಲೇಟಿಗೂ ಅದೇ ಹುಕ್ಕನ ನಿಯಮ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಸಾಬರು ಬಂದು ಹೋದ ಮರುದಿನವೇ ಅಪ್ಪ ಡ್ರೈವರಣ್ಣನ ಹಳ್ಳಿಗೆ ಹೋಗಿದ್ದರು. ಜೊತೆಗೆ ನಾನಿದ್ದೆ. ಅಷ್ಟರಲ್ಲಿ ಅವನು ಬೇರೆಯವರ ಗಾಡಿಗೆ ಸೇರಿದ್ದ, ರಜದ ಮೇಲೆ ಮನೆಯಲ್ಲಿದ್ದ. ಚಾಪೆ ಹಾಸಿದ, ಹೆಂಡತಿ ಬೆಲ್ಲ ನೀರು ತಂದಿಟ್ಟಳು. ಅಪ್ಪ ತಪ್ಪಾಯಿತು ಎಂಬ ಮಾತು ಆಡಿದರೋ ಇಲ್ಲವೋ, ಆಡಿದ್ದು ನನಗೆ ಕೇಳಿಸಲಿಲ್ಲ. ವಾಪಸು ಬಾ ಎಂದರು. ಅವನು ಬರಲಾರೆ ಎಂದ, ಕೋಪದಿಂದಲ್ಲ. ಆಮೇಲೆ ಅಪ್ಪ ಬಾಣದ ವಿಷಯ ಹೇಳಿದರು. ಅವನು ಮುಂದಕ್ಕೆ ಬಾಗಿ ಕೇಳಿದ:

"ಎಷ್ಟು ಹಲ್ಲು ತಪ್ಪಿತ್ತು ಯಜಮಾನ್ರೇ?"

"ಮೂರು" ಎಂದರು ಅಪ್ಪ.

"ಮೂರಾ" ಎಂದು ಅವನು ತನ್ನ ಎಡಗಾಲಿನ ಅಂಗಾಲನ್ನು ಕೈಯಿಂದ ಒಂದು ಸಲ ಉಜ್ಜಿಕೊಂಡ.